ಬೀರುವಿಗೆ ಎಣಿಸಲು ಕಲಿಸಿದ್ದು

ಮನುಷ್ಯರ ಮಾತನ್ನು ಮನುಷ್ಯರೇ ಕಿವಿಗೆ ಹಾಕಿಕೊಳ್ಳದ ಆಫೀಸಿನಲ್ಲಿ ಕುಳಿತು ಯಂತ್ರಕ್ಕೆ ಮಾತು ತಿಳಿಯುವಂತೆ ಮಾಡಲು ಹೊರಟರೆ ದಿನಕ್ಕೊಂದು ತಮಾಷೆ ನಡೆಯದೆ ಇರುತ್ತದೆಯೇ? ಎಂಬತ್ತರ ದಶಕದ ಶುರುವಿನಲ್ಲಿ ಯಶವಂತಪುರದ ಹತ್ತಿರದ ಒಂದು ಸಂಶೋಧನಾ ಕಚೇರಿಯಲ್ಲಿ ನಾನು ಟೆಂಪರರಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ. ಗದಗಿನ ಕಡೆಯಿಂದ ಬಂದವನು, ಮತ್ತಿಕೆರೆಯಲ್ಲಿ ಕಾಲೇಜು ಹುಡುಗರ ಗದ್ದಲದ ನಡುವೆ ಒಂದು ರೂಮು ಹಿಡಿದಿದ್ದೆ. ಕಚೇರಿಯ ಹೆಸರು ಹೇಳುವುದಿಲ್ಲ. ಪೆನ್ಷನ್ ಬರುತ್ತಿದೆ, ಸುಮ್ಮನೆ ಯಾಕೆ?

೧. ಕಿವಿಯುಳ್ಳ ಬೀರು

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಔಷಧಿ ಕೊಡುವ ಡಾಕ್ಟರಲ್ಲ, ತಲೆನೋವು ಕೊಡುವ ಡಾಕ್ಟರು. ಅವರು ಕಟ್ಟಿದ್ದ ಯಂತ್ರದ ಹೊರಮೈ ನಿಜವಾದ ಕಬ್ಬಿಣದ ಬೀರು. ಸ್ಟೋರ್ಸಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಎಳೆದು ತಂದು, ಒಳಗಿನ ಹಲಗೆ ಕಿತ್ತು, ವೈರು ತುಂಬಿದ್ದರು. ಎದುರಿಗೆ ಒಂದು ಮೈಕು. ಬಲಗಡೆ ಗೋಡೆಯ ಮೇಲೆ ಒಂದರಿಂದ ಹತ್ತರವರೆಗೆ ಬರೆದ ಹತ್ತು ದೀಪ. ಮೈಕಿನ ಮುಂದೆ ನಾಲ್ಕು ಎಂದರೆ ನಾಲ್ಕನೇ ದೀಪ ಹತ್ತಬೇಕು. ನಮ್ಮ ಬೀರು ತನಗೆ ತೋಚಿದ್ದನ್ನು ಹತ್ತಿಸುತ್ತಿತ್ತು.

ಬೀರುವಿನ ಹೊಟ್ಟೆಯ ಮೇಲೆ ರೇಡಿಯೋದಲ್ಲಿರುವಂಥ ನಾಬುಗಳ ಸಾಲು ಇತ್ತು. ಧ್ವನಿಯ ಯಾವ ಭಾಗಕ್ಕೆ ಎಷ್ಟು ಕಿವಿಗೊಡಬೇಕು ಎಂದು ನಿರ್ಧರಿಸುವುದು ಆ ನಾಬುಗಳು. ಯಾವುದನ್ನು ಎಷ್ಟು ತಿರುಗಿಸಬೇಕು ಎಂಬುದು ಕಟ್ಟಿದವರಿಗೇ ಗೊತ್ತಿರಲಿಲ್ಲ.

ಒಂದು ದಿನ ಡಾಕ್ಟ್ರು ಯಾವುದೋ ದಪ್ಪ ಇಂಗ್ಲಿಷ್ ಪುಸ್ತಕ ಓದಿಕೊಂಡು ಬಂದರು. "ಮಂಗ ಮನುಷ್ಯ ಆಗಿದ್ದು ಹೇಗ್ರೀ?" ಎಂದು ನನ್ನನ್ನೇ ಕೇಳಿದರು.

"ಇನ್ನೂ ಪೂರಾ ಆಗಿಲ್ಲ ಅನಸ್ತದರೀ" ಎಂದೆ.

"ವಿಕಾಸ ಕಣ್ರೀ, ವಿಕಾಸ! ಒಳ್ಳೇದು ಉಳಿಯುತ್ತೆ, ಕೆಟ್ಟದ್ದು ಅಳಿಯುತ್ತೆ. ಈ ಬೀರೂನೂ ಹಾಗೇ ಸುಧಾರಿಸೋಣ. ನಾವು ತಲೆ ಕೆಡಿಸ್ಕೊಳ್ಳೋದೇ ಬೇಡ."

ಉಪಾಯ ಹೀಗೆ. ನಾಬುಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ, ಯಾವ ನಾಬು ಎಲ್ಲಿದೆ ಎಂದು ಒಂದು ಕಾರ್ಡಿನಲ್ಲಿ ಬರೆಯಬೇಕು. ಹೀಗೆ ಒಂದು ಕಟ್ಟು ಕಾರ್ಡು. ಒಂದೊಂದು ಕಾರ್ಡಿನಂತೆ ನಾಬು ಇಟ್ಟು, ಮೈಕಿನ ಮುಂದೆ ಹತ್ತೂ ಅಂಕಿ ಹೇಳಿ, ಎಷ್ಟು ದೀಪ ಸರಿಯಾಗಿ ಹತ್ತಿತು ನೋಡಬೇಕು. ದಡ್ಡ ಕಾರ್ಡುಗಳನ್ನು ಹರಿದು ಹಾಕಿ, ಜಾಣ ಕಾರ್ಡುಗಳಿಗೆ ಜೋಡಿ ಮಾಡಿ ಮದುವೆ. ಅರ್ಧ ನಾಬು ಅಪ್ಪನಂತೆ, ಅರ್ಧ ಅಮ್ಮನಂತೆ ಇಟ್ಟರೆ ಅದು ಮಗು ಕಾರ್ಡು. ಆಗೊಮ್ಮೆ ಈಗೊಮ್ಮೆ ಕವಡೆ ಹಾಕಿ ಯಾವುದೋ ಒಂದು ನಾಬನ್ನು ಸುಮ್ಮನೆ ಬದಲಾಯಿಸಬೇಕು, ಅದು ವಿಧಿಯ ಆಟ. ಹೀಗೆ ತಲೆಮಾರು ಕಳೆದಂತೆಲ್ಲ ಬೀರು ಜಾಣನಾಗುತ್ತದೆ.

ನನಗೆ ಬೀರು ಜಾಣನಾಗಲೇಬೇಕಿತ್ತು. ದೆಹಲಿಯಿಂದ ಒಬ್ಬ ದೊಡ್ಡ ಅಧಿಕಾರಿ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ವಿಭಾಗ ಉಳಿದು ನಾನು ಪರ್ಮನೆಂಟ್. ಮೆಚ್ಚದಿದ್ದರೆ ಬೀರು ಮತ್ತೆ ಸ್ಟೋರ್ಸಿಗೆ, ನಾನು ಗದಗಿಗೆ. ಹೆಬ್ಬಾಳದಲ್ಲಿ ನನಗೊಂದು ಹೆಣ್ಣಿನ ಮಾತುಕತೆ ಬೇರೆ ನಡೆದಿತ್ತು. ಹುಡುಗಿಯ ಅಪ್ಪ ಟೆಂಪರರಿ ಎಂಬ ಮಾತು ಕೇಳಿದರೆ ಸಿಡುಬು ಎಂದು ಕೇಳಿದವರಂತೆ ಹಿಂದೆ ಸರಿಯುವ ಮನುಷ್ಯ.

ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ನಾವು ಬೀರುವಿನ ಮುಂದೆ ನಿಂತು ಒಂದು, ಎರಡು, ಮೂರು ಎನ್ನತೊಡಗಿದೆವು. ಸೋಲದೇವನಹಳ್ಳಿಯಿಂದ ಬರುತ್ತಿದ್ದ ವಾಚ್‌ಮನ್ ಕಿಟಕಿಯಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮೂರಾಗೆ ಬೀರು ಜೊತೆ ಇಂಗ್ ಮಾತಾಡಿದ್ರೆ ಬೇವಿನ್ ಸೊಪ್ಪಲ್ಲಿ ಒಡೀತಾರೆ ಸ್ವಾಮಿ. ಇಲ್ಲಿ ಸಂಬ್ಳ ಕೊಡ್ತಾರಲ್ಲ, ಒಳ್ಳೆ ಊರು" ಎಂದ.

೨. ಕಾರ್ಡುಗಳ ಕಲ್ಯಾಣ

ಕಾರ್ಡು ಬರೆಯುವ ಕೆಲಸ ನಮ್ಮ ಡ್ರಾಫ್ಟ್ಸ್‌ಮನ್‌ರದು. ಯಲಹಂಕದವರು, ಮುತ್ತಿನಂಥ ಅಕ್ಷರ. ರಜಾದಿನಗಳಲ್ಲಿ ಪೌರೋಹಿತ್ಯ ಮಾಡುತ್ತಿದ್ದರು, ಗಂಡು ಹೆಣ್ಣು ಜೋಡಿಸುವುದರಲ್ಲೂ ಎತ್ತಿದ ಕೈ. ನನಗೆ ಹೆಬ್ಬಾಳದ ಸಂಬಂಧ ತಂದವರೂ ಅವರೇ.

ಮೂರನೇ ತಲೆಮಾರಿಗೆ ತಕರಾರು ಶುರುವಾಯಿತು. ಡಾಕ್ಟ್ರು ಎರಡು ಜಾಣ ಕಾರ್ಡು ಆರಿಸಿ, "ಇವೆರಡಕ್ಕೂ ಮಾಡ್ರೀ" ಎಂದರು. ಡ್ರಾಫ್ಟ್ಸ್‌ಮನ್ ಕಾರ್ಡು ಮುಟ್ಟಲಿಲ್ಲ.

"ಆಗಲ್ಲ ಸಾರ್. ಇಬ್ರೂ ಒಂದೇ ಅಪ್ಪನ ಮಕ್ಕಳು."

"ಕಾರ್ಡು ಕಣ್ರೀ ಅದು!"

"ಕಾರ್ಡೇ ಇರ್ಲಿ ಸಾರ್. ಬರೆಯೋ ಕೈ ನಂದಲ್ವಾ? ನಾಳೆ ಇದೇ ಕೈಲಿ ಮಂತ್ರಾಕ್ಷತೆ ಹಾಕ್ಬೇಕು."

ಮಾರನೆಯ ದಿನ ನೋಡಿದರೆ ಪ್ರತಿ ಕಾರ್ಡಿನ ಮೂಲೆಯಲ್ಲೂ ಕೆಂಪು ಶಾಯಿಯಲ್ಲಿ ಗೋತ್ರ ಬರೆದಿತ್ತು. ಡಾಕ್ಟ್ರು ಹಣೆ ಚಚ್ಚಿಕೊಂಡರು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ನಮ್ಮ ಕಡೆ ಅಕ್ಕನ ಮಗಳನ್ನ ಮಾಡ್ಕೋತಾರ್ರೀ, ಅದಕ್ಕಾದ್ರೂ ಅವಕಾಶ ಇರ್ಲಿ" ಎಂದೆ. ಆರ್.ಟಿ. ನಗರದಿಂದ ಬರುತ್ತಿದ್ದ ನಮ್ಮ ಟೈಪಿಸ್ಟ್ ಮೇಡಂ ಮಿಷನ್ನಿನಿಂದ ತಲೆಯೆತ್ತಿ, "ನಮ್ಮಲ್ಲಿ ಚಿಕ್ಕಪ್ಪನ ಮಗಳೂ ನಡೆಯುತ್ತೆ. ನಮ್ಮ ಕಡೆಯ ಕಾರ್ಡು ಯಾವುದೂ ಇಲ್ವಾ?" ಎಂದರು. ಚರ್ಚೆ ಮಧ್ಯಾಹ್ನದ ಊಟದವರೆಗೂ ನಡೆಯಿತು. ಕೊನೆಗೆ ಒಡಹುಟ್ಟಿದವರಿಗೆ ಇಲ್ಲ, ಸೋದರಮಾವನ ಮಗಳಿಗೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಡಾಕ್ಟ್ರು ತಮ್ಮ ದಪ್ಪ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದರು. ಸೋದರಮಾವನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಡ್ರಾಫ್ಟ್ಸ್‌ಮನ್ ಕಾರ್ಡುಗಳನ್ನೆಲ್ಲ ಕಟ್ಟಿ ಡ್ರಾಯರಿನಲ್ಲಿಟ್ಟುಬಿಟ್ಟರು.

"ಯಾಕ್ರೀ?" ಎಂದರು ಡಾಕ್ಟ್ರು.

"ಆಷಾಢ ಬಂತಲ್ಲ ಸಾರ್."

ಡಾಕ್ಟ್ರು ಕೆಂಡವಾದರು. "ನಿಮ್ಮ ಮೂಢನಂಬಿಕೆ ಮನೇಲಿಟ್ಕೊಳ್ಳಿ! ನಾನೇ ಮಾಡ್ತೀನಿ" ಎಂದು ಡ್ರಾಯರ್ ಎಳೆದು ಎರಡು ಕಾರ್ಡು ಕೈಗೆತ್ತಿಕೊಂಡರು. ಎಡಗೈಯಲ್ಲೊಂದು, ಬಲಗೈಯಲ್ಲೊಂದು. ಡಾಕ್ಟ್ರು ಒಂದು ಕಾರ್ಡು ನೋಡಿದರು, ಇನ್ನೊಂದು ನೋಡಿದರು, ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿದರು. ಮೆಲ್ಲಗೆ ಎರಡನ್ನೂ ಡ್ರಾಯರಿಗೆ ಹಾಕಿ, "ಯಾವುದಕ್ಕೂ ಇರ್ಲಿ" ಎಂದರು. ಆ ತಿಂಗಳು ದೆಹಲಿಗೆ ಹೋದ ವರದಿಯಲ್ಲಿ, ಋತುಮಾನದ ಕಾರಣಗಳಿಂದ ಪ್ರಗತಿ ಕುಂಠಿತವಾಗಿದೆ ಎಂದು ಬರೆದಿತ್ತು.

೩. ಹತ್ತಕ್ಕೆ ಒಂಬತ್ತು

ಶ್ರಾವಣ ಬಂದದ್ದೇ ಬೀರುವಿಗೆ ಬುದ್ಧಿಯೂ ಬಂತು. ಹತ್ತಕ್ಕೆ ಐದು, ಆಮೇಲೆ ಏಳು, ಆಮೇಲೆ ಒಂಬತ್ತು! ಡಾಕ್ಟ್ರು ಇಡೀ ವಿಭಾಗಕ್ಕೆ ಯಶವಂತಪುರ ಸರ್ಕಲ್ಲಿನಿಂದ ಮಸಾಲೆ ದೋಸೆ ತರಿಸಿದರು. ನಾನು ಮನಸ್ಸಿನಲ್ಲೇ ಮದುವೆಯ ಪತ್ರಿಕೆ ಅಚ್ಚು ಹಾಕಿಸಿದೆ.

ಮಾರನೆಯ ದಿನ ಟೈಪಿಸ್ಟ್ ಮೇಡಂ ರಜೆ. ಅವತ್ತು ಬೀರುವಿಗೆ ಒಂದಂಕಿಯೂ ತಿಳಿಯಲಿಲ್ಲ. ಮೈಕು ಬದಲಾಯಿಸಿದೆವು, ವೈರು ಎಳೆದು ನೋಡಿದೆವು, ಡ್ರಾಫ್ಟ್ಸ್‌ಮನ್ ದೃಷ್ಟಿ ತೆಗೆದರು. ಊಹೂಂ. ಮೇಡಂ ರಜೆ ಮುಗಿಸಿ ಬಂದ ದಿನ ಮತ್ತೆ ಒಂಬತ್ತು.

ವಿಷಯ ತಿಳಿದಾಗ ಡಾಕ್ಟ್ರು ಕುರ್ಚಿಯಲ್ಲಿ ಕುಸಿದು ಕುಳಿತರು. ಮೇಡಂ ಕುಳಿತುಕೊಳ್ಳುತ್ತಿದ್ದುದು ಮೈಕಿನ ಪಕ್ಕದಲ್ಲೇ. ನಾವು ಅಂಕಿ ಹೇಳುವಾಗಲೇ ಅವರು ಫಲಿತಾಂಶದ ತಃಖ್ತೆಯನ್ನು ಟೈಪ್ ಮಾಡುತ್ತಿದ್ದರು. ಅದರಲ್ಲಿ ಅಂಕಿಗೊಂದರಂತೆ ಹತ್ತು ಮನೆ, ಪ್ರತಿ ಅಂಕಿಗೂ ಹೊಸ ಸಾಲು. ಮೂರು ಹೇಳುವ ಸರದಿ ಬಂದರೆ ಮೂರನೇ ಮನೆಗೆ ಹೋಗಲು ಮಿಷನ್ನಿನ ಕೀಲಿಯನ್ನು ಮೂರು ಸಲ ಟಕ್ ಎನ್ನಿಸಬೇಕು, ಎಂಟಕ್ಕೆ ಎಂಟು ಸಲ. ನಮ್ಮ ಬೀರು ವಿಕಾಸವಾಗಿ, ವಿಕಾಸವಾಗಿ, ನಮ್ಮ ಮಾತು ಕೇಳುವುದನ್ನು ಪೂರ್ತಿ ಬಿಟ್ಟು, ಟಕ್‌ಗಳನ್ನು ಎಣಿಸಲು ಕಲಿತಿತ್ತು. ಖಾತ್ರಿ ಮಾಡಿಕೊಳ್ಳಲು ಡಾಕ್ಟ್ರು ಎಲ್ಲರ ಬಾಯಿ ಮುಚ್ಚಿಸಿ, "ಒಂದ್ಸಲ ಟೈಪ್ ಮಾಡಿ ಮೇಡಂ" ಎಂದರು. ಯಾರೂ ತುಟಿ ಪಿಟಕ್ಕೆನ್ನದಿದ್ದರೂ ಗೋಡೆಯ ಮೇಲೆ ದೀಪಗಳು ಒಂದಾದ ಮೇಲೊಂದು ಚೆಂದವಾಗಿ ಹತ್ತಿದವು.

ದೋಸೆ ದಂಡವಾಯಿತಲ್ಲ ಎಂದು ನಾವೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದರೆ ಮೇಡಂ ಮಾತ್ರ ಬೀರುವನ್ನು ಪ್ರೀತಿಯಿಂದ ನೋಡಿದರು. "ನಾನ್ ಟೈಪ್ ಮಾಡಿದ್ದನ್ನ ಈ ಆಫೀಸಲ್ಲಿ ಇಷ್ಟು ಗಮನ ಇಟ್ಟು ನೋಡಿದೋರು ಇದೊಂದೇ" ಎಂದರು.

೪. ಹೆಬ್ಬಾಳಕ್ಕೆ ಎರಡು

ಡಾಕ್ಟ್ರು ಟೈಪ್ ಮಿಷನ್ನನ್ನು ವರಾಂಡಕ್ಕೆ ಸಾಗಿಸಿದರು, ಸದ್ದು ಮಾಡುವ ಫ್ಯಾನನ್ನೂ ನಿಲ್ಲಿಸಿದರು. ಕಾರ್ಡುಗಳನ್ನೆಲ್ಲ ಹರಿದು ಹೊಸ ಸೃಷ್ಟಿ ಆರಂಭಿಸಿದರು. ಮೇಡಂ, ಡ್ರಾಫ್ಟ್ಸ್‌ಮನ್, ನಾನು ಮೂವರೂ ಸರದಿಯಲ್ಲಿ ಅಂಕಿ ಹೇಳುತ್ತಿದ್ದೆವು, ಒಂದೊಂದು ಅಂಕಿ ಹೇಳಿದ ಕೂಡಲೇ ದೀಪ ಹತ್ತಿತೇ ಎಂದು ಬಲಗಡೆ ನೋಡುತ್ತಿದ್ದೆವು. ಹತ್ತದಿದ್ದರೆ ಇನ್ನೊಂದು ಸಲ, ಸ್ವಲ್ಪ ಬೇರೆ ತರಹ. ಈ ಸಲ ಅಂಕ ಮೆಲ್ಲಗೆ, ಆದರೆ ಮರ್ಯಾದೆಯಿಂದ ಏರಿತು. ಟಕ್ ಇಲ್ಲ, ಫ್ಯಾನ್ ಇಲ್ಲ, ಮೋಸವೇ ಇಲ್ಲ. ಕಾರ್ತೀಕದ ಹೊತ್ತಿಗೆ ನಮ್ಮಲ್ಲಿ ಯಾರು ಹೇಳಿದರೂ ಹತ್ತಕ್ಕೆ ಹತ್ತು.

ಅದೇ ಖುಷಿಯಲ್ಲಿ ನಾನೂ ಡ್ರಾಫ್ಟ್ಸ್‌ಮನ್ನರೂ ಹೆಣ್ಣಿನ ಮನೆಗೆ ಹೊರಟೆವು. ಬಸ್ಸಿನಲ್ಲಿ ಡ್ರಾಫ್ಟ್ಸ್‌ಮನ್ ಗದ್ದ ಮೇಲೆತ್ತಿ, ಒಂದು ಕ್ಷಣ ಉಸಿರು ಕಟ್ಟಿ, "ಹೆಬ್ಬಾಳ, ಎರ್ಡೂಊ" ಎಂದು ರಾಗವಾಗಿ ಎಳೆದು, ಬಲಗಡೆ ತಿರುಗಿ ನೋಡಿದರು. ಬಲಗಡೆ ಕೂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡಳು. ಕಂಡಕ್ಟರ್ ಅವರನ್ನೇ ದಿಟ್ಟಿಸಿ, "ಹೆಬ್ಬಾಳಕ್ಕೆ ಎಷ್ಟಂದ್ರಿ?" ಎಂದ. ಸಹಾಯಕ್ಕೆಂದು ನಾನೂ ಗದ್ದ ಎತ್ತಿ ಹಾಗೆಯೇ ಹೇಳಿದೆ.

"ಯಾವ್ ಕಡೆಯವ್ರು ಸಾರ್ ನೀವು?"

"ಯಲಹಂಕ" ಎಂದರು ಅವರು. "ಗದಗ" ಎಂದೆ ನಾನು.

ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಎರಡೂ ಅಲ್ಲ ಬಿಡಿ" ಎಂದ. ಕಂಡಕ್ಟರುಗಳಿಗೆ ಕೊಬ್ಬು ಜಾಸ್ತಿಯಾಗಿದೆ ಎಂದು ನಾವು ದಾರಿಯುದ್ದಕ್ಕೂ ಬೈದುಕೊಂಡೆವು.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು, "ಅಣ್ಣತಮ್ಮಂದಿರು ಎಷ್ಟು ಜನ?" ಎಂದು ಕೇಳಿದರು.

ಗದ್ದ ಎತ್ತಿದೆ. ಉಸಿರು ಕಟ್ಟಿದೆ. "ಮೂರೂಊ." ಬಲಗಡೆ ನೋಡಿದೆ. ಬಲಗಡೆ ಅಡಿಗೆ ಮನೆಯ ಬಾಗಿಲು, ಬಾಗಿಲಲ್ಲಿ ಹುಡುಗಿ.

"ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತು?"

"ನಾಲ್ಕೂಊ." ಮತ್ತೆ ಬಲಗಡೆ. ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನನಗೆ ಅವಳ ನಗು ಬಹಳ ಹಿಡಿಸಿತು. ಇವಳು ತಪ್ಪಿಹೋದರೆ ನನ್ನ ಬಾಳು ಬೀರುವಿನ ಮುಂದೆಯೇ ಕಳೆದುಹೋಗುತ್ತದೆ ಎಂದುಕೊಂಡೆ.

ಅವಳಪ್ಪ ಡ್ರಾಫ್ಟ್ಸ್‌ಮನ್ನರನ್ನು ವರಾಂಡಕ್ಕೆ ಕರೆದೊಯ್ದು ಗುಟ್ಟಾಗಿ ಕೇಳಿದ್ದು ನಮಗೆಲ್ಲರಿಗೂ ಕೇಳಿಸಿತು. "ಹುಡುಗ ಒಳ್ಳೆಯವನೇ. ಎಣಿಸೋವಾಗ ಮಾತ್ರ ಕತ್ತು ಹಿಡ್ಕೊಳ್ಳುತ್ತಾ?"

"ಯಾರಿಗೆ?" ಎಂದರು ಡ್ರಾಫ್ಟ್ಸ್‌ಮನ್, ನಿಜವಾದ ಆಶ್ಚರ್ಯದಿಂದ.

ನಾವು ಹೊರಡುವಾಗ ಅಪ್ಪ ಕೈಮುಗಿದು, "ಕೆಲಸ ಪರ್ಮನೆಂಟ್ ಆಗ್ಲಿ, ಕತ್ತೂ ಸರಿಹೋಗ್ಲಿ. ಎರಡೂ ಆದ್ಮೇಲೆ ಬನ್ನಿ" ಎಂದರು.

೫. ದೆಹಲಿಯವರು ಬಂದರು

ದೆಹಲಿಯ ಅಧಿಕಾರಿ ಮೈಸೂರು ಕಡೆ ಹುಟ್ಟಿ ದೆಹಲಿಯಲ್ಲಿ ತಲೆ ನರೆಸಿಕೊಂಡವರು. ಕನ್ನಡ ಅಚ್ಚುಕಟ್ಟು. ನಾವು ಮೂವರೂ ಒಬ್ಬರಾದ ಮೇಲೊಬ್ಬರು ಅಂಕಿ ಹೇಳಿದೆವು. ಹತ್ತಕ್ಕೆ ಹತ್ತು, ಹತ್ತಕ್ಕೆ ಹತ್ತು, ಹತ್ತಕ್ಕೆ ಹತ್ತು. ಡಾಕ್ಟ್ರ ಎದೆ ಉಬ್ಬಿತು.

"ನಾನೂ ಹೇಳ್ಲಾ?" ಎಂದು ಅಧಿಕಾರಿ ಮೈಕಿನ ಮುಂದೆ ಬಂದು ಕುಳಿತು, ಸಹಜವಾಗಿ, ನಾಲ್ಕು ಜನ ಮಾತಾಡುವಂತೆ, "ಮೂರು" ಎಂದರು. ಎಂಟು ಹತ್ತಿತು. "ಐದು" ಎಂದರು. ಎಂಟು. "ಒಂದು" ಎಂದರು. ಬೀರು ಬೇಸರವಾದಂತೆ ಯಾವುದನ್ನೂ ಹತ್ತಿಸಲಿಲ್ಲ.

ನನಗೆ ಕಣ್ಣು ಕತ್ತಲೆ ಬಂತು. ಆ ಕತ್ತಲೆಯಲ್ಲಿ ಗದಗಿನ ರೈಲು ಕಂಡಿತು, ಹುಡುಗಿಯ ನಗು ಕಂಡಿತು. ನಾಚಿಕೆ ಬಿಟ್ಟು ಮುಂದೆ ಹೋಗಿ, "ಸರ್, ಸ್ವಲ್ಪ ಗದ್ದ ಮ್ಯಾಲೆತ್ರೀ" ಎಂದೆ. ಅಧಿಕಾರಿ ಗದ್ದ ಎತ್ತಿದರು. "ಉಸಿರು ಹಿಡೀಬೇಕು ಸಾರ್, ಪ್ರಾಣಾಯಾಮದ ತರ" ಎಂದರು ಡ್ರಾಫ್ಟ್ಸ್‌ಮನ್. ಹಿಡಿದರು. "ಕೊನೇಲಿ ಎಳೀರಿ ಸರ್, ಸೊಪ್ಪು ಮಾರೋರು ಎಳೀತಾರಲ್ಲ ಹಂಗೆ" ಎಂದರು ಟೈಪಿಸ್ಟ್ ಮೇಡಂ.

"ಮೂರೂಊ!"

ಮೂರನೇ ದೀಪ ಹತ್ತಿತು. ಅಧಿಕಾರಿಯ ಮುಖದಲ್ಲಿ ಚೌಕಾಬಾರದಲ್ಲಿ ಬಾರ ಬಿದ್ದವರ ಕಳೆ ಬಂತು. ಆಮೇಲೆ ಅವರನ್ನು ಮೈಕಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಟೀ ತಣ್ಣಗಾಯಿತು, ಮುಂದಿನ ವಿಭಾಗದವರು ಹಾರ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಇವರು ಮಾತ್ರ ಗದ್ದ ಎತ್ತಿ, ಎಳೆದು, ಬಲಗಡೆ ನೋಡಿ, ಗದ್ದ ಎತ್ತಿ, ಎಳೆದು, ಬಲಗಡೆ ನೋಡಿ, ಹತ್ತಕ್ಕೆ ಹತ್ತು ಬಂದ ಮೇಲೆಯೇ ಎದ್ದರು.

"ಅದ್ಭುತ ಡಾಕ್ಟ್ರೇ! ನಾನು ಬಂದಾಗ ಇದಕ್ಕೆ ನನ್ನ ಒಂದಂಕೀನೂ ತಿಳೀತಿರ್ಲಿಲ್ಲ. ನನ್ನ ಕಣ್ಣೆದುರಿಗೇ ಎಷ್ಟು ಸುಧಾರಿಸ್ತು ನೋಡಿ! ಇದೇನಾ ನಿಮ್ಮ ವಿಕಾಸ?"

ಡಾಕ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, "ನಾಬು ಯಾರಾದ್ರೂ ಮುಟ್ಟಿದ್ರೇನ್ರೀ?" ಎಂದರು.

"ಇಲ್ರೀ ಸರ್."

"ಹಾಗಾದ್ರೆ ಸುಧಾರಿಸಿದ್ದು ಯಾರು?"

ಇಬ್ಬರೂ ಅಧಿಕಾರಿಯನ್ನು ನೋಡಿದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡೆವು. ಬಸ್ಸಿನ ಕಂಡಕ್ಟರ್ ನೆನಪಾದ. ಹುಡುಗಿಯ ಅಪ್ಪ ನೆನಪಾದರು. ಇಷ್ಟು ದಿನ ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಅಳಿಸಿ ತಿದ್ದುತ್ತಾ ಬಂದದ್ದು ನಾವು ಬೀರುವನ್ನಲ್ಲ, ಬೀರು ನಮ್ಮನ್ನು! ಡಾಕ್ಟ್ರು ಪ್ರಾಮಾಣಿಕರು, ಹೇಳಿಬಿಡಲೆಂದು ಬಾಯಿ ತೆರೆದರು. ಟೈಪಿಸ್ಟ್ ಮೇಡಂ ಅದೇ ಬಾಯಿಗೆ ಒಂದು ಬಿಸ್ಕತ್ತು ಕೊಟ್ಟರು.

ಅಧಿಕಾರಿಯ ಕಾರು ಹೋದ ಮೇಲೆ ವಾಚ್‌ಮನ್ ಓಡಿ ಬಂದ. "ಸ್ವಾಮಿ, ಗೇಟ್ ತಾವ ಗಂಟೆ ಎಷ್ಟು ಅಂತ ಡ್ರೈವರ್ ಕೇಳ್ದ. ಸಾಯೇಬ್ರು ಗದ್ದ ಎತ್ತಿ ಎರ್ಡೂಊ ಅಂದ್ಬುಟ್ಟು ನನ್ ಕಡೆ ತಿರುಗಿ ನೋಡುದ್ರು. ಅವ್ರೂ ನಿಮ್ ಕಡೆಯವ್ರಾ? ಬರ್ವಾಗ ಇಂಗಿರ್ಲಿಲ್ಲ!"

೬. ಆಯುಧಪೂಜೆ

ವಿಭಾಗ ಉಳಿಯಿತು. ನನಗೆ ಪರ್ಮನೆಂಟ್ ಆರ್ಡರ್ ಬಂತು. ಆರ್ಡರ್ ಕೈಗೆ ಬಂದ ದಿನವೇ ಡ್ರಾಫ್ಟ್ಸ್‌ಮನ್ನರನ್ನು ಕರೆದುಕೊಂಡು ಹೆಬ್ಬಾಳಕ್ಕೆ ಓಡಿದೆ. ಹುಡುಗಿಯ ಅಪ್ಪ ಅದನ್ನು ಎರಡು ಸಲ ಓದಿ, ಕತ್ತಿನ ಷರತ್ತನ್ನು ಮನ್ನಾ ಮಾಡಿದರು. ಮದುವೆಯಾಯಿತು. ಅದೇ ನಗುವಿನ ಹುಡುಗಿ, ಇಂದಿಗೂ ನಾನು ತರಕಾರಿ ಲೆಕ್ಕ ಹೇಳಿದರೆ ಸೆರಗು ಬಾಯಿಗಿಡುತ್ತಾಳೆ.

ಒಬ್ಬಳು ಮಗಳು ಹುಟ್ಟಿದಳು. ಅವಳಿಗೆ ಎಣಿಸಲು ಕಲಿಸಿದವನು ನಾನೇ. ಆಯುಧಪೂಜೆಯ ದಿನ ಆಫೀಸಿಗೆ ಸಂಸಾರ ಸಮೇತ ಹೋಗುವುದು ನಮ್ಮಲ್ಲಿ ರೂಢಿ. ಮಗಳನ್ನು ಮೊದಲ ಸಲ ಕರೆದೊಯ್ದ ವರ್ಷ, ನಾವು ಹೋಗುವಷ್ಟರಲ್ಲಿ ಬೀರುವಿಗೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದಾಗಿತ್ತು. ಡಾಕ್ಟ್ರು ಹೊಸಬರನ್ನು ಯಾರನ್ನೂ ಮೈಕಿನ ಹತ್ತಿರ ಬಿಡುತ್ತಿರಲಿಲ್ಲ. ಯಾರು ಬಂದರೂ ಮೊದಲ ಸಲ ಅದು ತಪ್ಪಿಯೇ ತಪ್ಪುತ್ತದೆ ಎಂಬ ಭಯ ಅವರಿಗೆ. ಆದರೆ ನನ್ನ ಮಗಳು ಸ್ಟೂಲು ಹತ್ತಿಬಿಟ್ಟಿದ್ದಳು.

ಪುಟ್ಟ ಗದ್ದ ಮೇಲೆತ್ತಿದಳು. ಕೆನ್ನೆ ಉಬ್ಬಿಸಿ ಉಸಿರು ಕಟ್ಟಿದಳು. "ಒಂದೂಊ." ಬಲಗಡೆ ನೋಡಿದಳು, ದೀಪ ಹತ್ತಿತು. "ಎರ್ಡೂಊ." ಹತ್ತಿತು. ಬೀರುವನ್ನು ಜನ್ಮದಲ್ಲಿ ಕಂಡಿರದ ಕೂಸು ಒಂದೂ ತಪ್ಪದೆ ಹತ್ತರವರೆಗೆ ಹೋಗಿ, ಸ್ಟೂಲಿನಿಂದ ಇಳಿದು, ಪೂಜೆಯ ಮಂಡಕ್ಕಿ ಕೇಳಿದಳು.

ಡಾಕ್ಟ್ರ ಕಣ್ಣಲ್ಲಿ ನೀರು ನಿಂತಿತು. ನನ್ನ ಕೈ ಹಿಡಿದು, "ಮೊದಲನೇ ಸಲಕ್ಕೇ ಹತ್ತಕ್ಕೆ ಹತ್ತು! ಅವತ್ತೇ ಹೇಳಿರ್ಲಿಲ್ವೇನ್ರೀ ನಾನು? ಒಳ್ಳೇ ಜೋಡಿ ಆರಿಸಿ ಮದುವೆ ಮಾಡಿದ್ರೆ ಮುಂದಿನ ತಲೆಮಾರು ತಾನಾಗೇ ಸುಧಾರಿಸುತ್ತೆ ಅಂತ!" ಎಂದರು.

ಡ್ರಾಫ್ಟ್ಸ್‌ಮನ್ ಬೀರುವಿಗೆ ಮಂಗಳಾರತಿ ಎತ್ತುತ್ತಾ, ತಿರುಗಿಯೂ ನೋಡದೆ ಹೇಳಿದರು:

"ಹೇಳಿದ್ದು ನೀವು ಸಾರ್. ಗೋತ್ರ ನೋಡಿ ಮಾಡ್ಸಿದ್ದು ನಾನು. ಅದೂ ಆಷಾಢ ಕಳೆದ್ಮೇಲೆ."